ಎವರೆಸ್ಟ್ ಶಿಖರದ ಲೆಕ್ಕಿಗ ರಾಧಾನಾಥ ಸಿಕ್ದಾರ್

1953ರ ಮೇ 29ರಂದು ಎವರೆಸ್ಟ್ ಶಿಖರವನ್ನು ಪ್ರಥಮತಃ ಏರಿದ ತೇನ್‌ಸಿಂಗ್ ಮತ್ತು ಹಿಲರಿಯವರನ್ನು ಎಲ್ಲರೂ ಬಲ್ಲರು. ಅದಕ್ಕೂ ಒಂದು ಶತಮಾನ ಮೊದಲೇ, ಪರ್ವತದ ಬುಡವನ್ನೂ ಮೆಟ್ಟದೆ, ಕಾಗದ ಲೇಖನಿಗಳ ಬಲದಿಂದ ಅದರ ಔನ್ನತ್ಯವನ್ನು ಗಣಿಸಿದವರಲ್ಲಿ ಅಗ್ರಗಣ್ಯರು ವಂಗದೇಶದ ರಾಧಾನಾಥ ಸಿಕ್ದಾರರು.

ಅವರು 1813ರಲ್ಲಿ ಕಲಕತ್ತೆಯಲ್ಲಿ ಜನಿಸಿದರು. ಹಿಂದೂ ಕಾಲೇಜಿನಲ್ಲಿ ವ್ಯಾಸಂಗ ಮಾಡಿ ಗಣಿತದಲ್ಲಿ ಪ್ರಾವೀಣ್ಯ ಪಡೆದರು. 1831ರಲ್ಲಿ, ಹದಿನೆಂಟರ ಹರೆಯದಲ್ಲಿ, ಜಾರ್ಜ್ ಎವರೆಸ್ಟರ ಅಧೀನದಲ್ಲಿದ್ದ ಮಹಾ ತ್ರಿಕೋನಮಿತಿ ಮೋಜಣಿಯಲ್ಲಿ ಮಾಸಿಕ 30 ರೂಪಾಯಿ ಸಂಬಳದ ಲೆಕ್ಕಿಗರಾದರು.

1843ರಲ್ಲಿ ಡೆಹ್ರಾಡೂನಿನ ಆಂಗ್ಲ ಮ್ಯಾಜಿಸ್ಟ್ರೇಟರು ಮೋಜಣಿಯ ಕೂಲಿಗಳಿಂದ ತಮ್ಮ ಸಾಮಾನುಗಳನ್ನು ಬಿಟ್ಟಿಯಾಗಿ ಹೊರಿಸಿದರು. ಸಿಕ್ದಾರರು ಆ ಸಾಮಾನುಗಳನ್ನೇ ತಡೆದಿರಿಸಿದರು. ಅದಕ್ಕಾಗಿ ಅವರಿಗೆ 200 ರೂಪಾಯಿ ದಂಡ ಬಿದ್ದಿತು. ಸೇರಿದಾಗಿನ ಸಂಬಳದಲ್ಲಿ ಅದು ಆರು ತಿಂಗಳ ದುಡಿಮೆಗೂ ಮಿಗಿಲು. ದಂಡ ತೆರುವ ಪ್ರಸಂಗ ಬಂದರೂ, ಹೊರೆ ಹೊರುವವರ ಪಕ್ಷವನ್ನು ಅವರು ಹಿಡಿದರೆಂಬುದು ಸ್ಮರಣೀಯ.

ಮುಂದೆ ಅವರು ಕಲಕತ್ತೆಯ ಕಚೇರಿಯಲ್ಲಿ ಮುಖ್ಯ ಲೆಕ್ಕಿಗರಾದರು. ಆಗ ಮೋಜಣಿದಾರರಿಗೆ ನೇಪಾಳದೊಳಗೆ ಪ್ರವೇಶವಿರಲಿಲ್ಲ. ಆದುದರಿಂದ ನೂರು ಮೈಲಿಗೂ ದೂರದ ಬಯಲಿನ ಆರು ಠಾಣೆಗಳಿಂದ, 15ನೆಯ ಶಿಖರವೆಂದು ಗುರುತಿಸಲ್ಪಟ್ಟ ಪರ್ವತದ ಕೋನಗಳನ್ನು ಅಳೆದು ತಂದಿದ್ದರು. ಗಾಳಿಯಲ್ಲಿ ಬೆಳಕು ಬಾಗುವುದನ್ನೂ, ಭೂಮಿಯ ಗೋಲಾಕೃತಿಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗಿತ್ತು. ಹಲವು ಕೈಗಳು ವರ್ಷಗಟ್ಟಲೆ ದುಡಿದ ಈ ಗಣನೆಯಿಂದ ಅದೇ ಜಗತ್ತಿನ ಅತ್ಯುನ್ನತ ಶಿಖರವೆಂದು ಸಿದ್ಧವಾಯಿತು. 1856ರಲ್ಲಿ ಪ್ರಕಟವಾದ ಎತ್ತರ 29,002 ಅಡಿ. 2020ರಲ್ಲಿ ನೇಪಾಳ ಮತ್ತು ಚೀನಗಳು ನವೀನ ಯಂತ್ರಗಳಿಂದ ಅಳೆದು ಘೋಷಿಸಿದ ಎತ್ತರ 8,848.86 ಮೀಟರ್, ಅಂದರೆ ಸುಮಾರು 29,032 ಅಡಿ. ಅಂತರ ಕೇವಲ 30 ಅಡಿ!

ಟಿಬೆಟಿನ ಜನ ಆ ಪರ್ವತವನ್ನು ಚೊಮೊಲುಂಗ್ಮಾ ಎಂದು ಕರೆಯುತ್ತಿದ್ದರು. ಆದರೆ ಮೋಜಣಿಯ ಮುಖ್ಯಸ್ಥ ಆಂಡ್ರೂ ವಾ ಅದಕ್ಕೆ ತಮ್ಮ ಪೂರ್ವಾಧಿಕಾರಿಯ ಹೆಸರನ್ನಿತ್ತರು. ಸ್ವತಃ ಎವರೆಸ್ಟರೇ ಆಕ್ಷೇಪಿಸಿದರೂ, 1865ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಆ ಹೆಸರನ್ನೇ ಅಂಗೀಕರಿಸಿತು.

ಸಿಕ್ದಾರರು 1862ರಲ್ಲಿ ನಿವೃತ್ತರಾಗಿ, 1870ರ ಮೇ 17ರಂದು ಚಂದ್ರನಗರದಲ್ಲಿ ಕಾಲವಶರಾದರು. ಮೋಜಣಿಯ ಕೈಪಿಡಿಯ ಮೊದಲ ಮುದ್ರಣಗಳಲ್ಲಿ ಅವರ ಸಹಾಯವನ್ನು ಸ್ಮರಿಸಲಾಗಿತ್ತು. ಮರಣಾನಂತರ 1875ರಲ್ಲಿ ಹೊರಟ ಮುದ್ರಣದಲ್ಲಿ ಆ ಹೆಸರೇ ಮಾಯವಾಯಿತು. ಪತ್ರಿಕೆಗಳು ಈ ಅನ್ಯಾಯವನ್ನು ಖಂಡಿಸಿದವು. 2004ರಲ್ಲಿ ಭಾರತೀಯ ಅಂಚೆ ಇಲಾಖೆ ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು.

ಪರರ ಹೆಸರಿನ ಅಂಗಡಿ, ಕಚೇರಿಗಳಲ್ಲಿ ದಿನವೂ ಲೆಕ್ಕ ಬರೆಯುವ, ಹೊರೆ ಹೊರುವ ನಮ್ಮ ಸಹೋದರರು ಈ ಮಹನೀಯರನ್ನು ನೆನೆಯುವುದು ಉಚಿತ.