ಎಮ್ಮೆಯ ಹಾಲನ್ನು ಕೂಸಿಗೆ ಒಗ್ಗಿಸಿದ ವಿಜ್ಞಾನಿ ಡಾ. ವಿ. ಸುಬ್ರಹ್ಮಣ್ಯನ್

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದ ಹೊಲಗಳಲ್ಲಿ ಜೋಳ, ಕಡಲೆ, ಶೇಂಗಾ ಬೆಳೆಯುತ್ತವೆ. ಮನೆಯ ಮುಂದೆ ಎಮ್ಮೆ, ಊರ ಹೊರಗೆ ಬೆಲ್ಲದ ಗಾಣ ಇಲ್ಲಿನ ಬದುಕಿಗೆ ಹೊಸದಲ್ಲ. ಆದರೂ ಬಡವರ ಮನೆಯ ಕೂಸು ಎದೆಹಾಲು ಬಿಡುವ ಹೊತ್ತಿಗೆ ಸೊರಗತೊಡಗುತ್ತದೆ. ಇಂತಹ ಸಾಮಾನ್ಯ ಪದಾರ್ಥಗಳಲ್ಲಿಯೇ ಮಕ್ಕಳ ಪುಷ್ಟಿಯನ್ನು ಅರಸಿದ ವಿಜ್ಞಾನಿ ಡಾ. ವಿ. ಸುಬ್ರಹ್ಮಣ್ಯನ್. ಅವರು ಈ ಸೀಮೆಯವರಲ್ಲ. ಆದರೆ ಅವರು ಕೈಗೆತ್ತಿಕೊಂಡ ಪ್ರಶ್ನೆ ಈ ಸೀಮೆಯದೂ ಹೌದು.

1902ರಲ್ಲಿ ಜನಿಸಿದ ವೈದ್ಯನಾಥ ಸುಬ್ರಹ್ಮಣ್ಯನ್ ಮೊದಲು ಹೆಸರಾದದ್ದು ಮಣ್ಣಿನ ಅಧ್ಯಯನದಿಂದ. ನೀರು ನಿಂತ ಗದ್ದೆಯ ಮಣ್ಣಿನಲ್ಲಿ ನಡೆಯುವ ಜೀವರಾಸಾಯನಿಕ ಕ್ರಿಯೆಗಳನ್ನು ಕುರಿತು ಇಂಗ್ಲೆಂಡಿನಲ್ಲಿ ಸಂಶೋಧನೆ ನಡೆಸಿದ ಅವರು, ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನಶಾಸ್ತ್ರದ ಪ್ರಾಧ್ಯಾಪಕರಾದರು. 1943ರ ಬಂಗಾಳದ ಕ್ಷಾಮ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತು. ಆ ದಶಕದಲ್ಲಿ ಅವರು ಮತ್ತು ಅವರ ಸಹೋದ್ಯೋಗಿಗಳು ಸೋಯಾ ಅವರೆಯಿಂದ ಹಾಲು ತಯಾರಿಸಿ ಅದರ ಪೋಷಕ ಗುಣವನ್ನು ಪರೀಕ್ಷಿಸಿದರು. ಹಸುವಿನ ಹಾಲು ಕೊಳ್ಳಲಾಗದವರಿಗೆ ಬೀಜದಿಂದಲೇ ಹಾಲು ದೊರಕಿಸಬಹುದೇ ಎಂಬುದು ಆ ಪರೀಕ್ಷೆಯ ತಿರುಳು.

ಸ್ವಾತಂತ್ರ್ಯಾನಂತರ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ನೆಲೆಗೊಂಡಿತು. 1950ರ ಅಕ್ಟೋಬರ್ 21ರಂದು ವಿಧ್ಯುಕ್ತವಾಗಿ ಆರಂಭವಾದ ಈ ಸಂಸ್ಥೆಯನ್ನು ಮೊದಲ ನಿರ್ದೇಶಕರಾಗಿ ಕಟ್ಟಿ ಬೆಳೆಸಿದವರು ಸುಬ್ರಹ್ಮಣ್ಯನ್.

ಅಂದು ಶಿಶು ಆಹಾರವೆಂದರೆ ಹೊರದೇಶದಿಂದ ಬರುವ ಡಬ್ಬಿ. ಅದಕ್ಕೆ ಬೇಕಾದದ್ದು ಹಸುವಿನ ಹಾಲು; ನಮ್ಮಲ್ಲಿ ಹೇರಳವಾಗಿದ್ದದ್ದು ಎಮ್ಮೆಯ ಹಾಲು. ಎಮ್ಮೆಯ ಹಾಲಿನಲ್ಲಿ ಕೊಬ್ಬು ಶೇ. 7ರ ಆಸುಪಾಸಿನಲ್ಲಿರುತ್ತದೆ. ಅದರ ಪ್ರೋಟೀನು ಎಳೆಯ ಹೊಟ್ಟೆಯಲ್ಲಿ ಗಟ್ಟಿಯಾಗಿ ಹೆಪ್ಪುಗಟ್ಟುವುದರಿಂದ ಸುಲಭವಾಗಿ ಅರಗದು. ಆದ್ದರಿಂದ ಅದು ಶಿಶುವಿಗೆ ಯೋಗ್ಯವಲ್ಲವೆಂಬ ಭಾವನೆ ಬಲವಾಗಿತ್ತು. ಸುಬ್ರಹ್ಮಣ್ಯನ್ ಅವರ ತಂಡ ಕೊಬ್ಬನ್ನು ತಗ್ಗಿಸಿ, ಹೆಪ್ಪಿನ ಬಿರುಸನ್ನು ಮೆದುಗೊಳಿಸಿ, ಸಕ್ಕರೆ ಮತ್ತು ಜೀವಸತ್ವಗಳನ್ನು ಕೂಡಿಸಿ ಪುಡಿ ಮಾಡುವ ವಿಧಾನವನ್ನು 1950ರ ದಶಕದಲ್ಲಿ ರೂಪಿಸಿತು. ಗುಜರಾತಿನ ಆಣಂದದ ಹಾಲು ಉತ್ಪಾದಕರ ಸಹಕಾರ ಸಂಘವು 1960ರ ಸುಮಾರಿಗೆ ಇದನ್ನು ಬಳಸಿ ಅಮುಲ್ ಶಿಶು ಆಹಾರವನ್ನು ಮಾರುಕಟ್ಟೆಗೆ ತಂದಿತು. 1960ರಲ್ಲಿಯೇ ಸುಬ್ರಹ್ಮಣ್ಯನ್ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು.

ಹಾಲಿನ ಡಬ್ಬಿಯನ್ನೂ ಕೊಳ್ಳಲಾಗದ ಮನೆಗಳಿಗೆ ಅವರ ಉತ್ತರ ಬೇರೆಯಿತ್ತು. ಎಣ್ಣೆ ತೆಗೆದ ಶೇಂಗಾ ಹಿಟ್ಟು ಮೂರು ಪಾಲು, ಪುಟಾಣಿ ಹಿಟ್ಟು ಒಂದು ಪಾಲು. ಅದಕ್ಕೆ ಸುಣ್ಣದ ಸತ್ವ ಮತ್ತು ಜೀವಸತ್ವಗಳು. ವಿವಿಧೋದ್ದೇಶ ಆಹಾರವೆಂದು ಕರೆಯಲಾದ ಈ ಪುಡಿಯಲ್ಲಿ ಶೇ. 40ಕ್ಕೂ ಮಿಕ್ಕಿ ಪ್ರೋಟೀನ್ ಇತ್ತು. ಜೋಳದಲ್ಲಿಯೂ ಶೇಂಗಾದಲ್ಲಿಯೂ ಕಡಿಮೆ ಇರುವ ಲೈಸಿನ್ ಎಂಬ ಅಂಶವನ್ನು ಕಡಲೆ ತುಂಬಿಕೊಡುತ್ತದೆ. ರೊಟ್ಟಿಯ ಹಿಟ್ಟಿಗಾಗಲಿ, ಅಂಬಲಿಗಾಗಲಿ, ಸಾರಿಗಾಗಲಿ ಇದನ್ನು ಬೆರೆಸಬಹುದಾಗಿತ್ತು.

ಈ ಸಾಧನೆಗೆ ಮಿತಿಗಳಿದ್ದವು ಎಂಬುದನ್ನೂ ಮರೆಯುವಂತಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಬೂಷ್ಟು ಹಿಡಿದ ಶೇಂಗಾ ಹಿಂಡಿ ತಿಂದು ಸಾವಿರಾರು ಕೋಳಿಜಾತಿಯ ಹಕ್ಕಿಗಳು ಸತ್ತಾಗ ಅಫ್ಲಾಟಾಕ್ಸಿನ್ ಎಂಬ ವಿಷ ಬೆಳಕಿಗೆ ಬಂದಿತು. ಅಲ್ಲಿಂದ ಮುಂದೆ ಶೇಂಗಾ ಹಿಟ್ಟನ್ನು ಮಕ್ಕಳಿಗೆ ಕೊಡುವ ಮುನ್ನ ಪರೀಕ್ಷೆ ಅನಿವಾರ್ಯವಾಯಿತು. 1970ರ ದಶಕದಲ್ಲಿ ಸುಖಾತ್ಮೆ, ಗೋಪಾಲನ್ ಮೊದಲಾದ ತಜ್ಞರು ಇನ್ನೊಂದು ಮಾತನ್ನು ಮುಂದಿಟ್ಟರು. ಬಡ ಮಗುವಿಗೆ ಕೊರತೆಯಾಗಿರುವುದು ಬರಿಯ ಪ್ರೋಟೀನ್ ಅಲ್ಲ, ಹೊಟ್ಟೆ ತುಂಬುವಷ್ಟು ಊಟವೇ ಎಂಬುದು ಅವರ ಪ್ರತಿಪಾದನೆ. ಊಟವೇ ಸಾಲದಿದ್ದಾಗ ತಿಂದ ಪ್ರೋಟೀನ್ ಸಹ ಮೈಯ ಶಾಖಕ್ಕಾಗಿ ಉರಿದುಹೋಗುತ್ತದೆ.

ಹಾಲಿನ ಪುಡಿಯ ಕಥೆ ಇನ್ನೂ ಕಠಿಣವಾದದ್ದು. ಡಬ್ಬಿ ಬೇಗ ತೀರಬಾರದೆಂದು ನೀರು ಹೆಚ್ಚಿಸಿದರೆ ಕೂಸಿಗೆ ಅರೆಹೊಟ್ಟೆ. ಆ ನೀರು ಕಾಯಿಸದ ನೀರಾದರೆ ವಾಂತಿಭೇದಿ. ತಾಯಿಯಿಲ್ಲದ ಶಿಶುವಿಗೆ ಆಸರೆಯಾಗುವ ವಸ್ತು, ತಾಯಿಯಿರುವ ಶಿಶುವಿನ ಎದೆಹಾಲನ್ನು ಕಸಿಯುವ ಅಪಾಯ ಜಗತ್ತಿನೆಲ್ಲೆಡೆ ಕಂಡುಬಂದಿತು. 1981ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂತಹ ಪದಾರ್ಥಗಳ ಮಾರಾಟಕ್ಕೆ ನಿಯಮಾವಳಿ ರೂಪಿಸಿತು. ಭಾರತ 1992ರಲ್ಲಿ ಅವುಗಳ ಜಾಹೀರಾತನ್ನು ನಿಷೇಧಿಸುವ ಕಾಯಿದೆ ತಂದಿತು. ಇವೆರಡನ್ನೂ ಕಾಣಲು ಸುಬ್ರಹ್ಮಣ್ಯನ್ ಬದುಕಿರಲಿಲ್ಲ. 1963ರಲ್ಲಿ ಮೈಸೂರಿನ ಹೊಣೆಯಿಂದ ಬಿಡುಗಡೆಗೊಂಡ ಅವರು, ನಂತರ ತಮಿಳುನಾಡಿನ ತಿರುವಾರೂರಿನಲ್ಲಿ ಭತ್ತ ಸಂಸ್ಕರಣಾ ಸಂಶೋಧನೆಗೆ ಬುನಾದಿ ಹಾಕಿ, 1979ರಲ್ಲಿ ನಿಧನ ಹೊಂದಿದರು.

ಮೊದಲ ಆರು ತಿಂಗಳು ಎದೆಹಾಲಲ್ಲದೆ ಬೇರೇನೂ ಬೇಡ, ನೀರೂ ಬೇಡ ಎಂಬುದು ಇಂದಿನ ವೈದ್ಯಲೋಕದ ಒಮ್ಮತ. ಆ ಬಳಿಕ ಎದೆಹಾಲಿನ ಜೊತೆಗೆ ಮೆತ್ತಗೆ ಬೇಯಿಸಿದ ಧಾನ್ಯ, ಬೇಳೆ, ಬೆಲ್ಲ, ಸ್ವಲ್ಪ ಎಣ್ಣೆ ಅಥವಾ ತುಪ್ಪ, ದಿನಕ್ಕೆ ಹಲವು ಬಾರಿ. ಅಂಗನವಾಡಿಯಿಂದ ಬರುವ ಪುಷ್ಟಿಯ ಪೊಟ್ಟಣದ ಹಿಂದಿರುವುದೂ ಧಾನ್ಯದೊಡನೆ ಕಾಳು ಸೇರಿಸುವ ಇದೇ ತತ್ವ. ಆದರೆ ಕಬ್ಬಿನ ಗದ್ದೆಗೆ ಹೋಗುವ ತಾಯಿಗೆ, ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವ ತಾಯಿಗೆ ದಿನಕ್ಕೆ ನಾಲ್ಕು ಬಾರಿ ಕೂಸಿಗೆ ಉಣಿಸುವ ಬಿಡುವು ಎಲ್ಲಿಂದ ಬರಬೇಕು? ಪುಡಿಯಲ್ಲಿ ಏನಿರಬೇಕೆಂಬುದನ್ನು ಸುಬ್ರಹ್ಮಣ್ಯನ್ ಅವರ ತಲೆಮಾರು ಪ್ರಯೋಗಾಲಯದಲ್ಲಿ ಕಂಡುಕೊಂಡಿತು. ಆ ಬಿಡುವನ್ನು ದೊರಕಿಸಿಕೊಡುವ ಹೊಣೆ ಮನೆಯವರದು, ಕೂಲಿ ಕೊಡುವವರದು ಮತ್ತು ಸರಕಾರದ್ದು.