ಕಡಲಾಳದ ಅನ್ವೇಷಕ

ಫ್ರಾನ್ಸಿನ ಜಾಕ್ ಕುಸ್ತೋ ಜನಿಸಿದುದು 1910ನೆಯ ಇಸವಿ ಜೂನ್ 11ರಂದು. ನೌಕಾದಳವನ್ನು ಸೇರಿದ ಆತನಿಗೆ ವಿಮಾನಚಾಲಕನಾಗುವ ಬಯಕೆಯಿತ್ತು. ಮೋಟಾರು ಅಪಘಾತದಲ್ಲಿ ತೋಳುಗಳಿಗೆ ತೀವ್ರ ಪೆಟ್ಟಾಗಿ ಆ ಬಯಕೆ ಕಮರಿತು. ತೋಳುಗಳು ಬಲಗೊಳ್ಳಲೆಂದು ಆತನು ಸಮುದ್ರದಲ್ಲಿ ಈಜತೊಡಗಿದನು. ಸ್ನೇಹಿತನಿತ್ತ ಈಜುಗನ್ನಡಕವನ್ನು ಧರಿಸಿ ನೀರೊಳಗೆ ನೋಡಿದಾಗ ಹೊಸ ಲೋಕವೊಂದು ಗೋಚರಿಸಿತು.

ಅಂದಿನ ಮುಳುಗುಗಾರರಲ್ಲಿ ಬಹುಮಂದಿ ಭಾರವಾದ ಲೋಹದ ಶಿರಸ್ತ್ರಾಣ ತೊಟ್ಟು, ಮೇಲಿನಿಂದ ಕೊಳವೆಯ ಮೂಲಕ ಬರುವ ಗಾಳಿಯನ್ನು ಉಸಿರಾಡುತ್ತಿದ್ದರು. ಕೊಳವೆ ಎಟಕುವಷ್ಟೇ ದೂರ ಅವರ ಸಂಚಾರ. ಈ ಬಂಧನವನ್ನು ಬಿಡಿಸಲು ನೆರವಾದುದು, ಸೋಜಿಗವೆಂದರೆ, ಯುದ್ಧಕಾಲದ ಅಭಾವ! ಜರ್ಮನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಪೆಟ್ರೋಲು ದುರ್ಲಭವಾಗಿತ್ತು. ಮೋಟಾರುಗಳನ್ನು ಅನಿಲದಿಂದ ಓಡಿಸಲು ಎಮಿಲ್ ಗಾನ್ಯಾನ್ ಎಂಬ ಇಂಜಿನಿಯರನು ಒಂದು ಕವಾಟವನ್ನು ರೂಪಿಸಿದ್ದನು. ಅದನ್ನು ಮಾರ್ಪಡಿಸಿ ಇಬ್ಬರೂ 1943ರಲ್ಲಿ ಹೊಸ ಉಪಕರಣವೊಂದನ್ನು ಸಿದ್ಧಗೊಳಿಸಿದರು. ಬೆನ್ನಿನ ಸಿಲಿಂಡರಿನಲ್ಲಿ ಒತ್ತಿ ತುಂಬಿದ ಗಾಳಿಯಿರುತ್ತದೆ. ಮುಳುಗಿದವನು ಉಸಿರೆಳೆದಾಗ ಮಾತ್ರ ಕವಾಟವು ತೆರೆದು, ಸುತ್ತಲಿನ ನೀರಿನ ಒತ್ತಡಕ್ಕೆ ಸಮನಾದ ಒತ್ತಡದಲ್ಲಿ ಗಾಳಿಯನ್ನು ಒದಗಿಸುತ್ತದೆ. ಇಷ್ಟಾದರೂ ಆಳವು ನಿರಪಾಯವಾಗಲಿಲ್ಲ. 1947ರಲ್ಲಿ ಕುಸ್ತೋವಿನ ಸಂಗಡಿಗ ಮೋರಿಸ್ ಫಾರ್ಗ್ ಅತಿ ಆಳಕ್ಕಿಳಿದು ಅಸುನೀಗಿದನು.

1950ರ ದಶಕದ ಮಧ್ಯದಲ್ಲಿ ಕುಸ್ತೋ ತನ್ನ ‘ಕಲಿಪ್ಸೋ’ ಹಡಗಿನಲ್ಲಿ ಕೆಂಪು ಸಮುದ್ರಕ್ಕೆ ಬಂದನು. ಅಲ್ಲಿ ಸುಮಾರು 30 ಮೀಟರು ಆಳದಲ್ಲಿ ‘ಥಿಸಲ್‌ಗಾರ್ಮ್’ ಎಂಬ ಬ್ರಿಟಿಷ್ ಸರಕುಹಡಗು ನಿಶ್ಚಲವಾಗಿ ನಿಂತಿತ್ತು. ಈಜಿಪ್ಟಿನಲ್ಲಿದ್ದ ಬ್ರಿಟಿಷ್ ಸೈನ್ಯಕ್ಕೆ ಸಾಮಗ್ರಿ ಒಯ್ಯುತ್ತಿದ್ದ ಆ ಹಡಗಿನ ಮೇಲೆ 1941ರ ಅಕ್ಟೋಬರ್ 6ರ ನಡುರಾತ್ರಿ ಜರ್ಮನ್ ವಿಮಾನಗಳು ಬಾಂಬು ಹಾಕಿದವು. ಮದ್ದುಗುಂಡು ಸಿಡಿದು ಹಡಗು ಸೀಳಿತು. ಅದರ ಮೇಲಿದ್ದ ಉಗಿಬಂಡಿಯ ಎಂಜಿನುಗಳೂ ದೂರಕ್ಕೆ ಎಸೆಯಲ್ಪಟ್ಟವು. ಒಂಬತ್ತು ಜನ ಮಡಿದರು. ಯಾರಿಗೂ ತಲಪದ ಮೋಟಾರುಸೈಕಲ್ಲುಗಳು, ಲಾರಿಗಳು, ಬಂದೂಕುಗಳು, ಬೂಟುಗಳು ಉಗ್ರಾಣದಲ್ಲೇ ಉಳಿದಿದ್ದವು. ಮುಳುಗುಗಾರನೊಬ್ಬನು ಘಂಟೆಯ ಮೇಲಿನ ಪಾಚಿಯನ್ನು ಕೆರೆದಾಗ ಹಡಗಿನ ಹೆಸರು ಬೆಳಕಿಗೆ ಬಂದಿತು. ಲೂಯಿ ಮಾಲ್‌ನೊಡನೆ ಕುಸ್ತೋ ನಿರ್ದೇಶಿಸಿದ ‘ಮೌನ ಜಗತ್ತು’ ಚಿತ್ರದಲ್ಲಿ ಈ ದೃಶ್ಯವಿದೆ. 1956ರಲ್ಲಿ ಕಾನ್ ಚಿತ್ರೋತ್ಸವದ ಪರಮೋಚ್ಚ ಪುರಸ್ಕಾರ ಅದಕ್ಕೆ ಲಭಿಸಿತು.

ಅದೇ ಚಿತ್ರದಲ್ಲಿ ಮೀನುಗಳನ್ನು ಎಣಿಸಲೆಂದು ಹವಳದ ದಿಬ್ಬವನ್ನು ಸಿಡಿಮದ್ದಿನಿಂದ ಸ್ಫೋಟಿಸುವ, ಶಾರ್ಕುಗಳನ್ನು ಕೊಲ್ಲುವ ದೃಶ್ಯಗಳೂ ಇವೆ. ಅವು ಇಂದು ನಮಗೆ ಅಸಹನೀಯ. ಆದರೆ 1960ರಲ್ಲಿ ಮೆಡಿಟರೇನಿಯನ್ ಸಮುದ್ರಕ್ಕೆ ಅಣುಕಸವನ್ನು ಸುರಿಯುವ ಯೋಜನೆ ಹೊರಟಾಗ, ಅದರ ವಿರುದ್ಧ ಜನಾಭಿಪ್ರಾಯವನ್ನು ಎಚ್ಚರಿಸಿದವನು ಕುಸ್ತೋವೇ.

1996ರಲ್ಲಿ ಸಿಂಗಪುರದ ಬಂದರಿನಲ್ಲಿ ಸರಕುದೋಣಿ ಬಡಿದು ‘ಕಲಿಪ್ಸೋ’ ತಾನೇ ಮುಳುಗಿತು, ಅದನ್ನು ಮೇಲೆತ್ತಲಾಯಿತು. ಮರುವರ್ಷ ಜೂನ್ 25ರಂದು ಕುಸ್ತೋ ಪ್ಯಾರಿಸಿನಲ್ಲಿ ನಿಧನ ಹೊಂದಿದನು.