ಎದುರಾಳಿಯ ಕಣಜದಿಂದ ಗೋಧಿ ಕೊಂಡ ಕ್ರುಶ್ಚೇವ್

ನಿಕಿಟಾ ಕ್ರುಶ್ಚೇವ್ ಎಂದೊಡನೆ ನಮಗೆ ನೆನಪಾಗುವುದು 1962ರ ಅಕ್ಟೋಬರ್ ತಿಂಗಳು. ಕ್ಯೂಬಾದಲ್ಲಿ ಅವರು ಇರಿಸಿದ ಕ್ಷಿಪಣಿಗಳಿಂದಾಗಿ ಅಣುಯುದ್ಧ ಹೊಸ್ತಿಲಿಗೆ ಬಂದು ನಿಂತ ದಿನಗಳವು. ಅದಾಗಿ ಒಂದು ವರ್ಷ ಕಳೆಯುವಷ್ಟರಲ್ಲಿ ಅದೇ ಕ್ರುಶ್ಚೇವ್ ಅದೇ ಅಮೆರಿಕದಿಂದ ಗೋಧಿ ಕೊಳ್ಳಲು ಮುಂದಾದರು. ಕ್ಷಿಪಣಿಯ ಕಥೆಯಷ್ಟು ಈ ಗೋಧಿಯ ಕಥೆ ಪ್ರಚಾರ ಪಡೆಯಲಿಲ್ಲ. ಆದರೆ ಅವರ ಬಾಳನ್ನು ಅರಿಯಲು ಇದೇ ಹೆಚ್ಚು ಸಹಾಯಕವೆಂದು ನಮ್ಮ ಎಣಿಕೆ.

ಕ್ರುಶ್ಚೇವ್ 1894ರಲ್ಲಿ ರಷ್ಯದ ಕುರ್ಸ್ಕ್ ಪ್ರಾಂತದ ಕಲಿನೋವ್ಕಾ ಎಂಬ ಹಳ್ಳಿಯಲ್ಲಿ ಬಡ ರೈತ ಮನೆತನದಲ್ಲಿ ಹುಟ್ಟಿದರು. ಎಳವೆಯಲ್ಲಿ ದನ ಕಾಯ್ದರು. ಹದಿಹರೆಯದಲ್ಲಿ ಯುಜೋವ್ಕಾದ ಗಣಿ ಪ್ರದೇಶದಲ್ಲಿ ಫಿಟ್ಟರ್ ಕೆಲಸ ಕಲಿತರು. 1918ರಲ್ಲಿ ಕಮ್ಯೂನಿಸ್ಟ್ ಪಕ್ಷ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಏರಿ, 1938ರಲ್ಲಿ ಉಕ್ರೇನಿನ ಪಕ್ಷದ ಮುಖ್ಯಸ್ಥರಾದರು. ಸ್ಟಾಲಿನ್ ಕಾಲದ ದಮನಕಾರ್ಯದಲ್ಲಿ ಅವರ ಕೈಯೂ ಇತ್ತೆಂಬುದನ್ನು ಮರೆಮಾಚುವಂತಿಲ್ಲ.

1946ರಲ್ಲಿ ಉಕ್ರೇನಿಗೆ ಮಳೆ ಕೈಕೊಟ್ಟಿತು. ಯುದ್ಧದಿಂದ ಜರ್ಜರಿತವಾಗಿದ್ದ ಹಳ್ಳಿಗಳಿಂದ ಸರಕಾರ ಧಾನ್ಯದ ವಸೂಲಿ ನಿಲ್ಲಿಸಲಿಲ್ಲ. ಜನ ಹಸಿವಿನಿಂದ ಸಾಯುತ್ತಿದ್ದಾಗಲೂ ಧಾನ್ಯ ಪರದೇಶಗಳಿಗೆ ರವಾನೆಯಾಗುತ್ತಿತ್ತು. ವಸೂಲಿಯ ಹೊರೆ ತಗ್ಗಿಸಬೇಕೆಂದು ಕೇಳಿದ ಕ್ರುಶ್ಚೇವ್ ಸ್ಟಾಲಿನ್ ಅವರ ಕೋಪಕ್ಕೆ ಗುರಿಯಾಗಿ, 1947ರಲ್ಲಿ ಕೆಲಕಾಲ ಆ ಸ್ಥಾನವನ್ನೇ ಕಳೆದುಕೊಂಡರು.

ಸ್ಟಾಲಿನ್ ತೀರಿಕೊಂಡ ಬಳಿಕ, 1953ರ ಸಪ್ಟೆಂಬರದಲ್ಲಿ, ಸೋವಿಯತ್ ಪಕ್ಷದ ಚುಕ್ಕಾಣಿ ಅವರ ಕೈಗೆ ಬಂತು. ಜನರಿಗೆ ಹಾಲು, ಮಾಂಸ ಸಿಗಬೇಕಾದರೆ ಜಾನುವಾರುಗಳಿಗೆ ಮೇವು ಬೇಕು, ಮೇವಿಗೆ ಅಮೆರಿಕದಂತೆ ಮುಸುಕಿನ ಜೋಳ ಬೆಳೆಯಬೇಕು ಎಂದು ಅವರು ಸಾರತೊಡಗಿದರು. ಆಗ ಉಭಯ ದೇಶಗಳ ನಡುವೆ ವ್ಯಾಪಾರ ಹೆಚ್ಚುಕಡಿಮೆ ನಿಂತೇಹೋಗಿತ್ತು. 1949ರ ಕಾಯಿದೆಯ ಮೇರೆಗೆ ಅಮೆರಿಕ ಸರಕಾರ ರಫ್ತಿನ ಮೇಲೆ ಬಿಗಿಯಾದ ಹತೋಟಿ ಇರಿಸಿತ್ತು. ಹೀಗಿರಲು 1955ರಲ್ಲಿ ಅಮೆರಿಕದ ಜೋಳದ ಸೀಮೆಯಾದ ಅಯೋವಾ ರಾಜ್ಯದ ಪತ್ರಿಕೆಯೊಂದರ ಸಂಪಾದಕ ಲಾರೆನ್ ಸೋತ್, ಸೋವಿಯತ್ ಕೃಷಿಕರನ್ನು ತಮ್ಮೂರಿಗೆ ಆಹ್ವಾನಿಸಿ ಸಂಪಾದಕೀಯ ಬರೆದರು. ಮಾಸ್ಕೋ ಒಪ್ಪಿತು, ಆ ಬೇಸಗೆಯಲ್ಲೇ ನಿಯೋಗ ಬಂತು. ಬಂದವರಿಗೆ ತನ್ನ ಹೊಲ ತೋರಿಸಿದ ರೈತ, ಬೀಜದ ವ್ಯಾಪಾರಿ ರೋಸ್‌ವೆಲ್ ಗಾರ್ಸ್ಟ್ ಅದೇ ವರ್ಷ ತಾವೇ ಸೋವಿಯತ್ ದೇಶಕ್ಕೆ ಹೋಗಿ ಕ್ರುಶ್ಚೇವರನ್ನು ಕಂಡರು. ಸರಕಾರದ ಪರವಾನಗಿಯೊಂದಿಗೆ 5,000 ಟನ್ ಮಿಶ್ರತಳಿಯ ಜೋಳದ ಬೀಜ ಮಾರಿದರು.

1959ರ ಸಪ್ಟೆಂಬರ್ 23ರಂದು ಕ್ರುಶ್ಚೇವ್ ಅಯೋವಾದ ಕೂನ್ ರಾಪಿಡ್ಸ್‌ನಲ್ಲಿ ಗಾರ್ಸ್ಟ್ ಅವರ ಹೊಲಕ್ಕೆ ಭೇಟಿಯಿತ್ತರು. ಮುಗಿಬಿದ್ದ ಪತ್ರಕರ್ತರ ಮೇಲೆ ಗಾರ್ಸ್ಟ್ ದನದ ಮೇವನ್ನೇ ಎತ್ತಿ ಎಸೆದುದು ಆಗ ದೊಡ್ಡ ಸುದ್ದಿಯಾಯಿತು. ರಾಯಭಾರಿಗಳು ವರ್ಷಗಟ್ಟಲೆ ಹೆಣಗಿದರೂ ಮೂಡದ ಸಲಿಗೆ ಈ ಇಬ್ಬರು ಮಣ್ಣಿನ ಮಕ್ಕಳ ನಡುವೆ ಮೂಡಿತ್ತು.

ಆದರೆ ಬೀಜದೊಂದಿಗೆ ಹವೆಯನ್ನು ತರಲಾಗುವುದಿಲ್ಲವಷ್ಟೆ. ಜೋಳ ಮಾಗದ ಚಳಿಯ ಉತ್ತರದಲ್ಲೂ ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಅದನ್ನೇ ಬಿತ್ತಿಸಿದರು. 1962ರ ಹೊತ್ತಿಗೆ ಜೋಳದ ನೆಲ 3 ಕೋಟಿ 70 ಲಕ್ಷ ಹೆಕ್ಟೇರಿಗೆ ಏರಿತಾದರೂ ಬಹುಪಾಲು ಬೆಳೆ ತೆನೆ ಮಾಗಲಿಲ್ಲ. ಅದೇ ವರ್ಷ ಮಾಂಸ, ಬೆಣ್ಣೆಗಳ ಬೆಲೆಯೇರಿಕೆಯನ್ನು ಪ್ರತಿಭಟಿಸಿದ ನೋವೊಚೆರ್ಕಾಸ್ಕ್ ಕಾರ್ಮಿಕರ ಮೇಲೆ ಅವರ ಸರಕಾರವೇ ಗುಂಡು ಹಾರಿಸಿತು. 1963ರಲ್ಲಿ ಬರ ಬಂತು. ಬ್ರೆಡ್ಡಿಗೆ ಸಾಲುಗಳು ಬೆಳೆದವು.

ಕ್ರುಶ್ಚೇವರ ಮುಂದೆ ಎರಡೇ ದಾರಿಗಳಿದ್ದುವು: 1946ರಂತೆ ಮಾನ ಕಾಯ್ದುಕೊಂಡು ಜನರನ್ನು ಸಾಯಬಿಡುವುದು, ಇಲ್ಲವೇ ಚಿನ್ನ ತೆತ್ತು ಎದುರಾಳಿಗಳಿಂದ ಕೊಳ್ಳುವುದು. ಅವರು ಎರಡನೆಯದನ್ನು ಹಿಡಿದರು. ಕೆನಡಾ, ಆಸ್ಟ್ರೇಲಿಯಗಳಿಂದ ಗೋಧಿ ಕೊಂಡರು. ಅಕ್ಟೋಬರ್ 9ರಂದು ಅಮೆರಿಕದ ಅಧ್ಯಕ್ಷ ಕೆನಡಿಯವರೂ ಸುಮಾರು 40 ಲಕ್ಷ ಟನ್ ಗೋಧಿಯ ಮಾರಾಟಕ್ಕೆ ಅನುಮತಿಯಿತ್ತರು. ವೈರಿಗೆ ಅನ್ನವಿಕ್ಕುವುದೇ ಎಂದು ಅಲ್ಲಿ ಕೂಗೆದ್ದಿತು. ಅರ್ಧದಷ್ಟು ಧಾನ್ಯ ಅಮೆರಿಕದ ಹಡಗುಗಳಲ್ಲೇ ಹೋಗಬೇಕೆಂಬ ಷರತ್ತಿನಿಂದ ಸಾಗಣೆ ದುಬಾರಿಯಾಯಿತು. ನವಂಬರದಲ್ಲಿ ಕೆನಡಿಯವರ ಕೊಲೆಯಾದರೂ ಜಾನ್ಸನ್ ಮಾತು ಮುರಿಯಲಿಲ್ಲ. ಕೊನೆಗೆ ಹೋದ ಗೋಧಿ ಹೇಳಿದ್ದರ ಅರ್ಧಕ್ಕಿಂತ ಕಡಿಮೆ. ಆದರೂ ಮುಚ್ಚಿದ್ದ ಬಾಗಿಲು ತೆರೆದಿತ್ತು.

1964ರ ಅಕ್ಟೋಬರದಲ್ಲಿ ಸಹೋದ್ಯೋಗಿಗಳು ಅವರನ್ನು ಪದಚ್ಯುತಗೊಳಿಸಿದರು. ಕೃಷಿಯ ಸೋಲೂ ಅವರ ಮೇಲಿನ ಆರೋಪಗಳಲ್ಲಿ ಒಂದಾಗಿತ್ತು. ಮಾಸ್ಕೋದ ಹೊರವಲಯದಲ್ಲಿ ತರಕಾರಿ ಬೆಳೆಸುತ್ತ ದಿನ ಕಳೆದ ಅವರು 1971ರ ಸಪ್ಟೆಂಬರ್ 11ರಂದು ತೀರಿಕೊಂಡರು.

ಅಫಘಾನಿಸ್ತಾನಕ್ಕೆ ಸೋವಿಯತ್ ಸೇನೆ ನುಗ್ಗಿದ್ದಕ್ಕಾಗಿ ಅಧ್ಯಕ್ಷ ಕಾರ್ಟರ್ 1980ರ ಜನವರಿಯಲ್ಲಿ ಧಾನ್ಯದ ರಫ್ತಿಗೆ ಕಡಿವಾಣ ಹಾಕಿದರು. ಮಾಸ್ಕೋ ಅರ್ಜೆಂಟೈನಾದ ಕಡೆ ತಿರುಗಿತು, ಅಮೆರಿಕದ ರೈತ ಗೊಣಗಿದ, 1981ರ ಎಪ್ರಿಲಿನಲ್ಲಿ ರೇಗನ್ ಆ ನಿರ್ಬಂಧ ತೆಗೆದರು. 1960ರ ದಶಕದಲ್ಲಿ ಅಮೆರಿಕದ ಗೋಧಿಯ ಹಡಗಿಗಾಗಿ ಕಾದ ದೇಶದವರಾದ ನಮಗೆ ಕೊಳ್ಳುವವನ ಮುಜುಗರ ಹೊಸದಲ್ಲ. ಕ್ರುಶ್ಚೇವರ ತಪ್ಪುಗಳು ಹಲವು. ಆದರೆ ಮಾನಕ್ಕಿಂತ ಅನ್ನ ದೊಡ್ಡದೆಂದು ಒಪ್ಪಿ ಎದುರಾಳಿಯ ಅಂಗಡಿಯ ಮೆಟ್ಟಿಲೇರಿದ ಆ ಒಂದು ನಡೆಯನ್ನು ತಪ್ಪುಗಳ ಪಟ್ಟಿಗೆ ಸೇರಿಸಲು ನಾವು ಸಿದ್ಧರಿಲ್ಲ.